ಮೂವತ್ತೇಳು ವ್ಯಾಟಿನ ಮಹಾಯೋಜನೆ

ಕೇಳಿ. ಎದ್ದು ನಿಂತು ಕೇಳಿದರೆ ಇನ್ನೂ ಒಳ್ಳೆಯದು. ಈ ಜಿಲ್ಲೆಯಲ್ಲಿ ಯೋಜನೆಗಳ ವಿರುದ್ಧ ಹೋರಾಡಿದವರು ಬೇಕಾದಷ್ಟು ಜನ ಇದ್ದಾರೆ. ಹತ್ತು ವರ್ಷ ಹೋರಾಡಿದವರಿದ್ದಾರೆ, ಜೈಲಿಗೆ ಹೋಗಿ ಬಂದವರಿದ್ದಾರೆ. ಅವರಿಗೆಲ್ಲ ದೊಡ್ಡ ನಮಸ್ಕಾರ. ಆದರೆ ಸರ್ಕಾರಕ್ಕೇ ಗೊತ್ತಿಲ್ಲದ ಒಂದು ವಿದ್ಯುತ್ ಯೋಜನೆಯನ್ನು, ಒಂದು ಗಾಜು ಒಡೆಯದೆ, ಒಂದು ಲಾಠಿ ಏಟು ತಿನ್ನದೆ, ಬರೀ ಹದಿಮೂರು ದಿನದಲ್ಲಿ ಓಡಿಸಿದವರು ಯಾರಾದರೂ ಇದ್ದರೆ ಅದು ನಾವು. ಅಘನಾಶಿನಿ ಹೊಳೆಯ ಎರಡೂ ದಡದವರು. ಎದುರಿಗೆ ಬಂದ ಯೋಜನೆ ಯಾವುದೇ ಇರಲಿ, ಎಷ್ಟೇ ದೊಡ್ಡದಿರಲಿ, ನಾವು ಕಣ್ಣು ಕೆಂಪು ಮಾಡಿದರೆ ಅದು ಬಂದ ದಾರಿಯಲ್ಲೇ ವಾಪಸ್ಸು. ಸುಳ್ಳು ಅನ್ನಿಸಿದರೆ ಎರಡು ಸಾವಿರದ ಎರಡನೇ ಇಸವಿಗೆ ಬನ್ನಿ.

ಈ ಕಥೆಯ ಹೀರೋ ಶಾಂತಾರಾಮ ನಾಯ್ಕ. ಹೀರೋ ಅಂದಮೇಲೆ ಹೊಗೆಯ ನಡುವೆ ಎಂಟ್ರಿ ಕೊಡಬೇಕಲ್ಲ? ಶಾಂತಾರಾಮ ದಿನಕ್ಕೆ ಹದಿನಾಲ್ಕು ಸಲ ಕೊಡುತ್ತಿದ್ದ. ತದಡಿಯಿಂದ ಆಚೆ ದಡದ ಕೆಳಗಿನಕೇರಿಗೆ ಜನರನ್ನು ದಾಟಿಸುವ ದೋಣಿಯಲ್ಲಿ ಟಿಕೆಟ್ ಹರಿಯುವವ ಅವನು, ಮನೆ ಕೆಳಗಿನಕೇರಿಯಲ್ಲೇ. ಹೊಗೆ ಡೀಸೆಲ್ ಇಂಜಿನ್ನಿನದು. ಮನುಷ್ಯ ಒಳ್ಳೆಯವನೇ, ಒಂದೇ ಕಾಯಿಲೆ. ಸಣ್ಣ ಶಬ್ದ ಸಾಕಾಗುವಲ್ಲಿ ದೊಡ್ಡ ಶಬ್ದ ಇಳಿಸುತ್ತಿದ್ದ. ದೋಣಿ ಅವನ ಬಾಯಲ್ಲಿ ಜಲಸಾರಿಗೆ. ಚಿಲ್ಲರೆ ಇಲ್ಲ ಎನ್ನುವುದಕ್ಕೆ "ನಾಣ್ಯದ ಅಭಾವ". ಒಂದು ದಿನ ಮೀನು ಹೆಂಗಸರಿಗೆ "ದಯವಿಟ್ಟು ಸಮತೋಲನ ಕಾಪಾಡಿ" ಅಂದ. ಅವರು ಅದು ಯಾವುದೋ ಬೈಗುಳವೆಂದು ತಿಳಿದು ಮೂರು ದಿನ ಮಾತು ಬಿಟ್ಟಿದ್ದರು.

ಶಾಂತಾರಾಮನಿಗೆ ಒಬ್ಬಳೇ ಮಗಳು, ಚಂದನಾ. ಅವಳನ್ನು ನೋಡಲು ಆ ವರ್ಷ ಭಟ್ಕಳದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಸಂಜೆ ಏಳು ಗಂಟೆ. ಚಂದನಾ ಚಾ ತಟ್ಟೆ ಹಿಡಿದು ಬಾಗಿಲು ದಾಟಿದಳು, ಕರೆಂಟು ಹೋಯಿತು. ಅವಳು ಅಂದಾಜಿನ ಮೇಲೆ ಕೊಟ್ಟ ಮೊದಲ ಲೋಟ ಹುಡುಗನಿಗಲ್ಲ, ದಲ್ಲಾಳಿಗೆ ಸಿಕ್ಕಿತು. ಹುಡುಗನ ತಾಯಿ ಕತ್ತಲೆಯಲ್ಲಿ ಪ್ರೀತಿಯಿಂದ ಹುಡುಗಿಯ ಕೈ ಹಿಡಿದು ಸವರಿ, "ಕೈ ಎಂತಕೆ ಇಷ್ಟು ಒರಟು?" ಅಂದಳು. ಅದು ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕುವ ಪಕ್ಕದ ಮನೆ ಮಾಸ್ತಮ್ಮನ ಕೈ. ಮಾಸ್ತಮ್ಮ ಸುಮ್ಮನಿರುವ ಜಾತಿಯಲ್ಲ. "ಅರವತ್ತು ವರ್ಷ ಹೊಳೇಲಿ ಬಳಚು ಹೆರಕಿದ ಕೈ ತಂಗಿ, ನೀ ಹೆರಕಿ ನೋಡು" ಅಂದಳು. ಸಂಬಂಧ ಅಲ್ಲಿಗೇ ಮುರಿಯಿತು.

ಈಗ ಹೊನ್ನಾವರದಿಂದ ಇನ್ನೊಂದು ಸಂಬಂಧ ಬಂದಿತ್ತು. ರಾಮ ನಾಯ್ಕರ ಮಗ ಶ್ರೀಧರ, ಹೈಸ್ಕೂಲಿನಲ್ಲಿ ಕ್ಲಾರ್ಕು. ಫೋಟೋ ಎರಡೂ ಕಡೆ ಒಪ್ಪಿಗೆಯಾಗಿತ್ತು. ಚಂದನಾ ಆ ಫೋಟೋವನ್ನು ಹೊಲಿಗೆ ಮಿಷನ್ನಿನ ಡ್ರಾದಲ್ಲಿಟ್ಟುಕೊಂಡು ದಾರ ಬೇಡದಾಗಲೂ ಡ್ರಾ ತೆಗೆಯುತ್ತಿದ್ದಳು. ಇದೊಂದು ಸಂಬಂಧ ತಪ್ಪಬಾರದು ಎಂದು ಶಾಂತಾರಾಮ ಇಡಗುಂಜಿಗೆ ಹರಕೆ ಹೇಳಿಕೊಂಡ. ದೇವರ ಜೊತೆಗೆ ಇನ್ನೊಂದು ವ್ಯವಸ್ಥೆಯೂ ಇರಲಿ ಎಂದು ಕುಮಟೆಯ ಸೋಲಾರ್ ಅಂಗಡಿಗೂ ಹೋದ.

ಅಂಗಡಿಯವನು ಒಂದು ಹಾಳೆ ಕೊಟ್ಟ. ಮೇಲೆ ದಪ್ಪ ಅಕ್ಷರದಲ್ಲಿ "ನಿಮ್ಮ ಮನೆಗೊಂದು ವಿದ್ಯುತ್ ಯೋಜನೆ" ಎಂದಿತ್ತು. ಕೆಳಗೆ: ಎ ಯೋಜನೆ, ಎರಡು ದೀಪ. ಬಿ ಯೋಜನೆ, ಮೂವತ್ತೇಳು ವ್ಯಾಟಿನ ಪ್ಯಾನೆಲ್ಲು, ನಾಲ್ಕು ದೀಪ. ಸಿ ಯೋಜನೆ, ಎರಡು ದೀಪ ಮತ್ತು ಒಂದು ಫ್ಯಾನು. ಸೋಲಾರ್ ಎಂಬ ಶಬ್ದ ಶಾಂತಾರಾಮನಿಗೆ ಹಿಡಿಸಲೇ ಇಲ್ಲ, ಕ್ಯಾಲ್ಕುಲೇಟರಿನಲ್ಲೂ ಇರುತ್ತದೆ. ವಿದ್ಯುತ್ ಯೋಜನೆ! ಅದನ್ನು ಬಾಯಲ್ಲಿಟ್ಟುಕೊಂಡು ಪೆಪ್ಪರಮಿಂಟಿನಂತೆ ಚೀಪುತ್ತ ಮನೆಗೆ ಬಂದ.

ಮನೆಯಲ್ಲಿ ಸಭೆ ಕೂತಿತು.

"ಸಿ ತಕಳಿ" ಅಂದಳು ಹೆಂಡತಿ ಸರೋಜಾ. ಊರಿನ ಅರ್ಧ ರವಿಕೆ ಹೊಲಿಯುವವಳು ಅವಳೇ. "ಮಿಷನ್ ತುಳ್ದು ತುಳ್ದು ಬೆವರು ಹೊಳೆ ಆತದೆ. ಫ್ಯಾನ್ ಇದ್ರೆ ಗನಾ ಆತು."

"ಫ್ಯಾನ್ ಹಾಕ್ದ್ರೆ ಬಂದೋರು ಹುಡುಗಿ ನೋಡೂದು ಬಿಟ್ಟು ಫ್ಯಾನ್ ನೋಡ್ತ್ರು ಮಾರಾಯ್ತಿ."

"ಎರಡು ದೀಪ ಸಾಕಲ ಅಪ್ಪ" ಅಂದಳು ಚಂದನಾ. "ಒಂದು ಅವ್ರ ತಲೆ ಮೇಲೆ, ಒಂದು ನನ್ನ ತಲೆ ಮೇಲೆ."

"ಮತ್ತೆ ಚಾ ಕಾಸೂದು ಯಾವ ಬೆಳಕಲ್ಲಿ? ಸಕ್ರೆ ಡಬ್ಬಿ ಬದ್ಲು ಉಪ್ಪಿನ ಡಬ್ಬಿ ಕೈಗೆ ಸಿಕ್ಕಿದ್ರೆ?" ಅಂದ ಶಾಂತಾರಾಮ.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ನೆರಳು ಕೈ ಮೇಲೆತ್ತಿ ನಿಂತಿತು. ಸರೋಜಾಳ ತಮ್ಮ ವಿನೋದ. ತದಡಿಯವನು, ದೋಣಿಗಳಿಗೆ ಬಣ್ಣ ಬಳಿಯುವ ಕೆಲಸ, ಮಿಕ್ಕ ಹೊತ್ತು ಪೂರ್ತಿ ಸಿನಿಮಾ. "ಭಾವಾ! ಈ ವಿನೋದನ ಮೈಯಲ್ಲಿ ಒಂದೇ ಒಂದು ಹನಿ ರಕ್ತ ಇರೂವರೆಗೂ ಈ ಮನೆ ಹೊಸ್ತಿಲು ದಾಟಿ ಕತ್ತಲೆ ಒಳಗೆ ಬರೂದಿಲ್ಲ!"

"ಮೊದ್ಲು ನೀ ಚಪ್ಪಲಿ ಬಿಟ್ಟು ಒಳಗೆ ಬಾ" ಅಂದಳು ಅಕ್ಕ.

ಹೀಗೆ ಬಿ ಯೋಜನೆ ಗೊತ್ತಾಯಿತು. ಜಗಲಿಗೆ ಎರಡು ದೀಪ, ಅಡಿಗೆಮನೆಗೆ ಒಂದು, ಹೊಲಿಗೆ ಮಿಷನ್ನಿನ ಮೇಲೆ ಒಂದು. ಹೆಣ್ಣು ನೋಡುವ ಭಾನುವಾರವೇ ಕೂರಿಸಿ ಕೊಡುವುದೆಂದು ಅಂಗಡಿಯವನು ಒಪ್ಪಿದ.

ಮರುದಿನ ಬೆಳಗಿನ ದೋಣಿ. ಮಾಸ್ತಮ್ಮ ಬಳಚು ಚಿಪ್ಪಿನ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಕೇಳಿದಳು, "ಎಂತದಾ ಶಾಂತಾರಾಮ, ಮೂರು ಸಲ ಕುಮಟೆಗೆ ಹೋಗಿ ಬಂದ್ಯಂತೆ? ಎಂತ ಕೆಲಸ?"

"ಎಂತಿಲ್ಲ ಮಾಸ್ತಮ್ಮಕ್ಕ. ಒಂದು ವಿದ್ಯುತ್ ಯೋಜನೆ."

"ಎಂತ ಅಂದೆ?"

"ವಿದ್ಯುತ್ ಯೋಜನೆ. ನಮ್ಮನೆ ಹತ್ರನೇ ಬತ್ತದೆ. ಮೂರು ಇತ್ತು, ನಾನೇ ಒಂದು ಆರ್ಸಿ ಸಹಿ ಹಾಕಿ ಬಂದೆ. ಗುರುವಾರ ಸರ್ವೆ."

ದೋಣಿಯಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು.

ಬೇರೆ ಜಿಲ್ಲೆಯಲ್ಲಿ ಯೋಜನೆ ಎಂದರೆ ಜನ ಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ, ಏನಾದರೂ ಹಂಚುತ್ತಾರೆಂದು. ನಮ್ಮಲ್ಲಿ ಯೋಜನೆ ಎಂದರೆ ಜನ ಪಾತ್ರೆ ಕಟ್ಟುತ್ತಾರೆ, ಊರು ಬಿಡಬೇಕಲ್ಲ ಎಂದು. ಅಣೆಕಟ್ಟು ಆ ಹೆಸರಲ್ಲೇ ಬಂತು, ರೈಲು ಆ ಹೆಸರಲ್ಲೇ ಬಂತು, ನೌಕಾನೆಲೆಯೂ ಹಾಗೆಯೇ ಬಂತು. ಪ್ರತಿ ಮನೆಯಲ್ಲೂ ಒಬ್ಬ ನೆಂಟನಾದರೂ ನಿರಾಶ್ರಿತರ ಕಾಲನಿಯಲ್ಲಿದ್ದಾನೆ. ಅಂಥ ಊರಿನಲ್ಲಿ, ಅದೂ ದೋಣಿಯ ಮೇಲೆ, ಶಾಂತಾರಾಮ ಆ ಶಬ್ದ ಆಡಿದ್ದ.

ಹೊಳೆ ದಾಟಲು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಯೋಜನೆ ಶಾಂತಾರಾಮನ ಹಂಚಿನ ಮಾಡಿನಿಂದ ಇಳಿದು, ಗದ್ದೆ ದಾಟಿ, ಶಾಲೆ ನುಂಗಿ ಹೊಳೆಬಾಯಿಯವರೆಗೆ ಹಬ್ಬಿತು. ದೋಣಿ ನಿಲ್ಲುವ ತದಡಿ ಧಕ್ಕೆಯ ಚಾ ಅಂಗಡಿಯಲ್ಲಿ ಅದಕ್ಕೆ ಎರಡು ದೊಡ್ಡ ಚಿಮಣಿಗಳೂ ಎದ್ದವು.

ಗುರುವಾರ ಸರ್ವೆ ನಡೆಯಿತು. ಸೋಲಾರ್ ಅಂಗಡಿಯ ಫಿಟ್ಟರು ಟೇಪು, ಸೀಮೆಸುಣ್ಣ, ದಿಕ್ಕು ನೋಡುವ ಡಬ್ಬಿ ಹಿಡಿದು ಬಂದ. ಬೇಲಿಯ ಹೊರಗೆ ಇಪ್ಪತ್ತು ಜನ ನಿಂತು ನೋಡಿದರು. ಫಿಟ್ಟರು ದಕ್ಷಿಣ ಹುಡುಕಿದ, ಅಂಗಳ ಅಳೆದ, ಒಂದು ತೆಂಗಿನ ಮರದ ಮೇಲೆ ಸೀಮೆಸುಣ್ಣದ ಗೀಟು ಎಳೆದು, "ಇದು ಅಡ್ಡ ಬರ್ತದೆ, ಕಡೀಬೇಕಾಗ್ತದೆ" ಅಂದ. ಅವನು ಹೇಳಿದ್ದು ನೆರಳು ಬೀಳುವ ಎರಡು ಗರಿಯನ್ನು.

ಮಾಸ್ತಮ್ಮ ಬೇಲಿಯ ಮೇಲಿಂದ ಕುತ್ತಿಗೆ ಚಾಚಿ ಕೇಳಿದಳು. "ತಮಾ, ಇದು ಎಲ್ಲಿವರೆಗೆ ಬತ್ತದೆ?"

ಫಿಟ್ಟರಿಗೆ ಗಿರಾಕಿ ಸಿಕ್ಕಿದಳೆಂದು ಖುಷಿಯಾಯಿತು. "ಎಲ್ಲಾ ಕಡೆನೂ ಬರ್ತದೆ ಅಮ್ಮ! ಇವರದ್ದು ಶುರು ಅಷ್ಟೆ. ಎರಡು ವರ್ಷ ನಿಲ್ಲಿ, ಈ ಕೇರಿಯಲ್ಲಿ ಒಂದೇ ಒಂದು ಮನೆ ಬಿಡೂದಿಲ್ಲ ನಾವು!"

ಮಾಸ್ತಮ್ಮ ಅಲ್ಲೇ ಕೂತುಬಿಟ್ಟಳು.

ಮರುದಿನ ಬೆಳಕು ಹರಿದಾಗ ಕೇರಿಯ ಹನ್ನೊಂದು ತೆಂಗಿನ ಮರಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬಿದ್ದಿತ್ತು. ಒಂದರಿಂದ ಹನ್ನೊಂದು. ಯಾರು ಬರೆದರು, ಯಾವಾಗ ಬರೆದರು, ಯಾರಿಗೂ ಗೊತ್ತಿಲ್ಲ. ಇಂಟರ್ವಲ್ಲಿಗೆ ಮೊದಲು ಬರುವ ಢಂ ಎನ್ನುವ ಸದ್ದು ಇದೇ.

ಅಂದೇ ಯೋಜನಾ ವಿರೋಧಿ ಸಮಿತಿ ಹುಟ್ಟಿತು. ಅಧ್ಯಕ್ಷ ಹಮ್ಮ ಗೌಡ. ತರಕಾರಿ ಬೆಳೆಯುವ ಈ ಹಮ್ಮಣ್ಣ ದಿನಕ್ಕೆ ಐದು ಶಬ್ದ ಆಡಿದರೆ ಹೆಚ್ಚು. ಅದರಲ್ಲಿ ಮೂರು ಎತ್ತಿಗೆ. ಆದರೆ ಅವನ ಬದನೆ ಹಿತ್ತಲಿನ ಮರಕ್ಕೆ ಏಳನೇ ನಂಬರು ಬಿದ್ದಿತ್ತು. ಶಾಲೆ ಕಟ್ಟೆ ಹತ್ತಿ ಒಮ್ಮೆಲೇ ಗುಡುಗಿದ. "ನಮ್ಮ ಬದನೆ ಗಿಡದ ಮೇಲೆ ತಂತಿ ಹೋದ್ರೆ ಎಂತ ಆತದೆ? ಬದನೆಕಾಯಿ ಶಾಕ್ ಹೊಡೀತದೆ! ತಿಂದೋರು ಸಾಯ್ತ್ರು! ಅದ್ಕೆ ಹೊಣೆ ಯಾರು?" ಚಪ್ಪಾಳೆಗೆ ಶಾಲೆಯ ಹಂಚು ಅಲುಗಿತು. ಕಾರ್ಯದರ್ಶಿ ಯಾರಾಗುತ್ತೀರಿ ಎಂದಾಗ ವಿನೋದ ಕೈ ಎತ್ತಿದ.

ಸಮಿತಿ ಪಂಚಾಯ್ತಿಗೆ ಹೋಯಿತು. ಸೆಕ್ರೆಟರಿ ಕಪಾಟಿನ ಕಾಗದವನ್ನೆಲ್ಲ ಕೆಳಗಿಳಿಸಿ, ಧೂಳು ಕುಡಿದು, ಸೀನಿ, "ನಮಗೆ ಯಾವ ಮಾಹಿತಿನೂ ಇಲ್ಲ" ಅಂದರು.

"ಕೇಳಿದ್ರನಾ?" ಅಂದ ಹಮ್ಮ ಗೌಡ ಹಿಂದೆ ತಿರುಗಿ. "ಮಾಹಿತಿ ಇಲ್ಲ ಅಂದ್ರು. ಹಂಗಾರೆ ಬರೂದು ಖಾತ್ರಿ."

ಸೆಕ್ರೆಟರಿಗೆ ಹೆದರಿಕೆಯಾಯಿತು. ತನಗೆ ತಿಳಿಸದೆ ಏನಾದರೂ ಬರುತ್ತಿದೆಯೋ ಎಂದು ತಾಲೂಕು ಆಫೀಸಿಗೆ ಕಾಗದ ಬರೆದರು. ಅಲ್ಲಿಂದಲೂ "ಈ ಬಗ್ಗೆ ಮಾಹಿತಿ ಇರುವುದಿಲ್ಲ" ಎಂದು ಉತ್ತರ ಬಂತು. ಮೊದಲು ಒಬ್ಬರಿಗೆ ಮಾಹಿತಿ ಇರಲಿಲ್ಲ, ಈಗ ಇಬ್ಬರಿಗೆ ಇಲ್ಲ. ಯೋಜನೆ ಎಷ್ಟು ದೊಡ್ಡದಿರಬೇಕು!

ಶಾಂತಾರಾಮನಿಗೆ ವಿಷಯ ಅರ್ಥವಾಗುವಷ್ಟರಲ್ಲಿ ದೋಣಿಯಲ್ಲಿ ಅವನ ಕೈಯಿಂದ ಟಿಕೆಟ್ ತೆಗೆದುಕೊಳ್ಳುವವರು ಮುಖ ಬೇರೆ ಕಡೆ ಮಾಡಿ ಕೈ ಚಾಚುತ್ತಿದ್ದರು. ಅವನು ಹಮ್ಮ ಗೌಡನ ಹಿತ್ತಲಿಗೇ ಓಡಿದ.

"ಹಮ್ಮಣ್ಣ, ತಪ್ಪು ತಿಳ್ದ್ಯೆ. ಇದು ಸೌರಶಕ್ತಿ ಆಧಾರಿತ."

"ಎಂತದ್ರ ಆಧಾರ?"

"ಸೂರ್ಯಂದು. ಹೊಗೆ ಇಲ್ಲ, ವಾಸ್ನೆ ಇಲ್ಲ, ಶಬ್ದ ಇಲ್ಲ."

"ಅಣುಸ್ಥಾವರ ಬಂದಾಗ್ಲೂ ಇದೇ ಹೇಳಿದ್ರು."

"ಅಯ್ಯೋ, ಸೋಲಾರ್ ಮಾರಾಯಾ! ಸಣ್ಣದು!"

"ಮೊದ್ಲು ಎಲ್ಲಾದೂ ಸಣ್ಣದೇ" ಅಂದ ಹಮ್ಮ ಗೌಡ. "ನೀ ಈಗ ಅವ್ರ ಕಡೆಯೋನು. ಬದನೆಕಾಯಿ ಬೇಕಾದ್ರೆ ತಕಂಡು ಹೋಗು, ಮಾತು ಬೇಡ."

ಸುದ್ದಿ ಬಸ್ಸು ಹತ್ತಿ ಹೊನ್ನಾವರಕ್ಕೂ ಹೋಯಿತು. ಮುಂದಿನ ವಾರದ ಶುಕ್ರವಾರ ರಾಮ ನಾಯ್ಕರ ಫೋನು ಎಸ್.ಟಿ.ಡಿ. ಬೂತಿಗೆ ಬಂತು. ಶಾಂತಾರಾಮ ಓಡಿ ಹೋಗಿ ರಿಸೀವರ್ ಹಿಡಿದ.

"ನಾಯ್ಕರೇ, ಊರಿಗೆ ಊರೇ ಏಳ್ತದಂತೆ ಹೌದನಾ? ಹುಡುಗಿ ಚಂದ ಇದ್ದಾಳೆ, ಅಡ್ಡಿಲ್ಲ. ಆದ್ರೆ ಊರೇ ಇಲ್ದಿರೆ ಮೊದಲ ದೀಪಾವಳಿಗೆ ಅಳಿಯ ಎಲ್ಲಿಗೆ ಬರೂದು? ಎಣ್ಣೆ ಹಚ್ಚೂದು ಎಲ್ಲಿ? ಕಾಲನಿ ನಳದ ಬುಡಕ್ಕಾ?"

"ಇಲ್ಲ ಇಲ್ಲ, ಅದು ಜನರಲ್ಲಿ ಮೂಡಿದ ತಪ್ಪು ಗ್ರಹಿಕೆ..."

"ಗ್ರಹಚಾರನೇ. ಭಾನುವಾರ ಬತ್ತೆ. ಕಣ್ಣಾರೆ ನೋಡ್ತೆ."

ಆ ದಿನ ಚಂದನಾ ಹೊಲಿಗೆ ಮಿಷನ್ನಿನ ಡ್ರಾ ತೆಗೆಯಲಿಲ್ಲ. ಸರೋಜಾ ಗಂಡನಿಗೆ ಅನ್ನ ಬಡಿಸಿ ಒಂದೇ ಮಾತು ಹೇಳಿದಳು. "ನಿಮ್ಮ ಬಾಯಿಂದ ಹೋದದ್ದು, ನಿಮ್ಮ ಬಾಯಿಂದ್ಲೇ ವಾಪಸ್ ಬರ್ಬೇಕು."

ಭಾನುವಾರ ಮಧ್ಯಾಹ್ನ ಎರಡೂವರೆಯ ಕುಮಟೆ ಬಸ್ಸಿನಿಂದ ಎರಡು ಪಾರ್ಟಿ ಇಳಿಯಿತು. ಮುಂದಿನ ಬಾಗಿಲಿನಿಂದ ರಾಮ ನಾಯ್ಕರು, ಹೆಂಡತಿ, ಮಗ ಶ್ರೀಧರ. ಹಿಂದಿನ ಬಾಗಿಲಿನಿಂದ ಸೋಲಾರ್ ಫಿಟ್ಟರು, ಅವನ ಬಗಲಲ್ಲಿ ಗೋಣಿಚೀಲ ಸುತ್ತಿ ಹಗ್ಗ ಬಿಗಿದ ಒಂದು ಚಪ್ಪಟೆ ಕಟ್ಟು.

ಶಾಂತಾರಾಮನ ಅಂಗಳದಲ್ಲಿ ಅರವತ್ತು ಜನ ಸೇರಿದ್ದರು. ತದಡಿಯಿಂದಲೂ ಒಂದು ದೋಣಿ ತುಂಬ ಬಂದಿದ್ದರು. "ಬೇಡ ಬೇಡ, ಯೋಜನೆ ಬೇಡ! ಬೆಳಕು ನಿಮ್ಗೆ, ಕತ್ತಲೆ ನಮ್ಗೆ!" ಎಂಬ ಕೂಗು ಹೊಳೆಯ ಆಚೆಗೂ ಕೇಳುತ್ತಿತ್ತು. ರಾಮ ನಾಯ್ಕರು ಮೊದಲು ಇದು ತಮ್ಮ ಸ್ವಾಗತವೆಂದು ತಿಳಿದು ಕೈ ಮುಗಿದರು. ಯಾರೋ ಆ ಮುಗಿದ ಕೈ ಬಿಡಿಸಿ ಬ್ಯಾನರಿನ ಒಂದು ತುದಿ ಕೊಟ್ಟರು. ಗೌರವದವರು, ಕೊಟ್ಟದ್ದನ್ನು ಹಿಡಿದುಕೊಂಡರು. ಎಲ್ಲರೂ ಕೂಗುವಾಗ ಸುಮ್ಮನಿರುವುದು ಚಂದವಲ್ಲವೆಂದು ಮೂರು ಸಲ ಬೇಡ ಬೇಡ ಎಂದೂ ಕೂಗಿದರು. ನಾಲ್ಕನೆಯ ಸಲಕ್ಕೆ ಪಕ್ಕದ ಮಾಸ್ತಮ್ಮನನ್ನು ಕೇಳಿದರು, "ಎಂತ ಬೇಡ?"

"ಯೋಜನೆ! ಇವತ್ತೇ ತಕಂಡು ಬತ್ತ್ರಂತೆ, ಈ ಮನೆಗೇ!"

ರಾಮ ನಾಯ್ಕರು ಬ್ಯಾನರು ಬಿಡದೆಯೇ ಶಾಂತಾರಾಮನ ಎದುರು ನಿಂತರು. "ನಾಯ್ಕರೇ, ಒಂದೇ ಮಾತು. ಆ ಯೋಜನೆ ಈಗ, ಇಲ್ಲೇ, ನನ್ನ ಕಣ್ಣೆದುರಿಗೆ ವಾಪಸ್ ಹೋದ್ರೆ ಸಂಬಂಧ. ಇಲ್ಲಾಂದ್ರೆ ನಾಲ್ಕೂವರೆ ಬಸ್ಸು ಅದೆ."

ಎಲ್ಲರ ಕಣ್ಣು ಶಾಂತಾರಾಮನ ಮೇಲೆ. ಫಿಟ್ಟರು ಜನರ ನಡುವೆ ದಾರಿ ಮಾಡಿಕೊಂಡು ಬಂದು ಕಟ್ಟನ್ನು ಅವನ ಕಾಲ ಬಳಿ ಇಟ್ಟ. "ಎಲ್ಲಿ ಬಿಚ್ಚಲಿ ಸಾರ್?"

ಎಷ್ಟು ಸುಲಭವಿತ್ತು ನೋಡಿ. ಹಗ್ಗ ಬಿಚ್ಚಿದರೆ ಮುಗಿಯಿತು. ಒಳಗಿರುವುದು ಹೆಚ್ಚೆಂದರೆ ಒಂದು ಕೇರಂ ಬೋರ್ಡಿನಷ್ಟು. ಶಾಂತಾರಾಮ ಬಗ್ಗಿ ಗಂಟಿಗೆ ಕೈ ಹಾಕಿಯೂ ಆಗಿತ್ತು. ಆಗ ತಲೆ ಎತ್ತಿ ನೋಡಿದ. ಹಮ್ಮ ಗೌಡ ಜೀವಮಾನದ ಮಾತನ್ನೆಲ್ಲ ಎರಡು ವಾರದಲ್ಲಿ ಆಡಿ, ಗಂಟಲು ಕಟ್ಟಿ, ಬಾಯಿ ಮಾತ್ರ ತೆರೆದು ನಿಂತಿದ್ದ. ಮಾಸ್ತಮ್ಮ ಕೋಲೂರಿಕೊಂಡು ಮುಂದಿನ ಸಾಲಿಗೆ ಬಂದಿದ್ದಳು. ತದಡಿಯವರಿಗೆ ಇದು ಕೇರಂ ಬೋರ್ಡೆಂದು ಗೊತ್ತಾದರೆ ಕೆಳಗಿನಕೇರಿಯವರು ಇನ್ನು ಬದುಕಿರುವವರೆಗೂ ದೋಣಿಯಲ್ಲಿ ತಲೆ ತಗ್ಗಿಸಿ ಕೂರಬೇಕು. ಎಲ್ಲಕ್ಕಿಂತ ಮೇಲೆ, ಬ್ಯಾನರಿನ ತುದಿ ಬೀಗರ ಕೈಯಲ್ಲಿತ್ತು. ಅರವತ್ತು ಜನರ ಎದುರು ತನ್ನನ್ನು ಕೋಡಂಗಿ ಮಾಡಿದ ಮನೆಗೆ ಯಾರಾದರೂ ಮಗನನ್ನು ಕೊಡುತ್ತಾರಾ?

ಬಾಗಿಲಲ್ಲಿ ನಿಂತ ಚಂದನಾ ತಡೆಯಲಾಗದೆ, "ಅಪ್ಪ, ಬಿಚ್ಚಿ ತೋರ್ಸು, ಅದು ಬರೀ ಸೋ..." ಎನ್ನುವಷ್ಟರಲ್ಲಿ ಸರೋಜಾ ಅವಳ ಬಾಯಿ ಮುಚ್ಚಿದಳು. ಗಂಡನನ್ನೇ ನೋಡಿದಳು. ಆಮೇಲೆ ಹೊಲ್ಲ, ಬೇಡ ಎನ್ನುವಂತೆ ನಿಧಾನ ತಲೆ ಅಲ್ಲಾಡಿಸಿದಳು.

ಶಾಂತಾರಾಮ ಗಂಟಿನಿಂದ ಕೈ ತೆಗೆದ. ಲುಂಗಿ ಕೊಡವಿ, ಕಟ್ಟಿನ ಪಕ್ಕ ನೆಟ್ಟಗೆ ನಿಂತ. ಹದಿನೆಂಟು ವರ್ಷ ದೋಣಿಯಲ್ಲಿ ಪೋಲು ಮಾಡಿದ ದೊಡ್ಡ ಶಬ್ದಗಳೆಲ್ಲ ಆವತ್ತು ಒಂದೇ ಸಲ ಕೆಲಸಕ್ಕೆ ಬಂದವು.

"ಮಹಾಜನರೇ! ಜನಾಭಿಪ್ರಾಯಕ್ಕೆ ತಲೆಬಾಗಿ, ಈ ವಿದ್ಯುತ್ ಯೋಜನೆಯನ್ನು ಯಾವುದೇ ಷರತ್ತಿಲ್ಲದೆ, ಸಂಪೂರ್ಣವಾಗಿ, ಶಾಶ್ವತವಾಗಿ, ಈ ಕ್ಷಣದಿಂದಲೇ ಹಿಂಪಡೆಯಲಾಗಿದೆ!" ಫಿಟ್ಟರ ಕಡೆ ತಿರುಗಿ ಬೆರಳು ಚಾಚಿದ. "ತಕಂಡು ಹೋಗು!"

"ಸಾರ್, ಆದ್ರೆ ನೀವೇ..."

"ಮೇಲಿನವರಿಗೆ ಹೇಳು! ಈ ಮಣ್ಣಲ್ಲಿ ಜಾಗ ಇಲ್ಲ!"

ಅರವತ್ತು ಗಂಟಲು ಒಟ್ಟಿಗೇ ಕೂಗಿದವು. ಹಮ್ಮ ಗೌಡ ಧ್ವನಿಯಿಲ್ಲದೆ ಅತ್ತ. ಜನ ಶಾಂತಾರಾಮನನ್ನು ಹೆಗಲ ಮೇಲೆ ಎತ್ತಿದರು, ಮಾಡಿಗೆ ತಲೆ ತಾಗಿ ಇಳಿಸಿದರು. ರಾಮ ನಾಯ್ಕರು ಬ್ಯಾನರು ಮಡಿಸಿ ಬಗಲಲ್ಲಿಟ್ಟುಕೊಂಡು, "ಒಬ್ಬನೇ ನಿಂತು ಸರ್ಕಾರನ ವಾಪಸ್ ಕಳ್ಸಿದ ಮನುಷ್ಯ. ಇಂಥ ಬೀಗರು ಹೊನ್ನಾವರ ತಾಲೂಕಲ್ಲಿ ಸಿಕ್ಕೂದಿಲ್ಲ" ಅಂದರು.

ಚಾ ಬಂತು. ಬಿಸಿಲಿತ್ತು, ದೀಪವೇ ಬೇಕಾಗಲಿಲ್ಲ. ಚಂದನಾ ತಟ್ಟೆ ಮುಂದೆ ಹಿಡಿದಾಗ ಶ್ರೀಧರ ಲೋಟ ತೆಗೆದುಕೊಳ್ಳುತ್ತ ಅವಳಿಗೆ ಮಾತ್ರ ಕೇಳುವಂತೆ, "ಮೂವತ್ತೇಳು ವ್ಯಾಟಿಂದಾ?" ಅಂದ. ಅವರ ಹೈಸ್ಕೂಲಿನ ಆಫೀಸಿಗೂ ಅದೇ ಅಂಗಡಿಯ ಫಿಟ್ಟರು ಬಂದು ಹೋಗಿದ್ದ. ಚಂದನಾ ನಗು ತಡೆಯಲು ಹೋಗಿ ತಟ್ಟೆಯ ಮೇಲಿದ್ದ ಚಾ ಎಲ್ಲ ಅವನ ಪ್ಯಾಂಟಿಗೆ ಚೆಲ್ಲಿದಳು. ಮದುವೆ ಮಾರ್ಗಶಿರಕ್ಕೆ ಗೊತ್ತಾಯಿತು.

ಇಲ್ಲಿ ಶುಭಂ ಹಾಕಿ ಪರದೆ ಎಳೆದರೆ ನಾನು ಗೆದ್ದೆ. ಆದರೆ ಇಷ್ಟು ದೂರ ಕೇಳಿದಿರಿ, ನಿಜ ಹೇಳಿಬಿಡುತ್ತೇನೆ.

ಆ ವಿನೋದ ನಾನೇ. ಫಿಟ್ಟರು ಎಳೆದದ್ದು ಒಂದೇ ಸೀಮೆಸುಣ್ಣದ ಗೀಟು. ಹನ್ನೊಂದು ಕೆಂಪು ನಂಬರು ನನ್ನವು, ದೋಣಿಗೆ ಬಳಿದು ಉಳಿದ ಬಣ್ಣದಲ್ಲಿ. ಒಂದು ದಿನ ಭಾವನನ್ನು ಹೆದರಿಸಿ ನಗೋಣ ಅಂತಿದ್ದೆ. ಒಪ್ಪಿಕೊಳ್ಳಬೇಕು ಅಂದುಕೊಳ್ಳುವಷ್ಟರಲ್ಲಿ ನನ್ನನ್ನೇ ಕಾರ್ಯದರ್ಶಿ ಮಾಡಿದ್ದರು. ಕಾರ್ಯದರ್ಶಿಯಾದವನು ಸಮಿತಿಗೆ ದ್ರೋಹ ಮಾಡಬಾರದಲ್ಲ?

ಇನ್ನೂ ಇದೆ. ಆ ಯೋಜನೆ ಓಡಿಹೋಗಲಿಲ್ಲ. ಜನರಿಗೆ ಹೆದರಿ ಫಿಟ್ಟರು ಬಸ್ ಸ್ಟ್ಯಾಂಡಿನ ಕಡೆ ಹೋಗದೆ ನನ್ನ ಜೊತೆ ದೋಣಿ ಹತ್ತಿದ. ತದಡಿಯಲ್ಲಿ ಇಳಿದು, ಗೋಣಿಚೀಲ ಮಡಿಲಲ್ಲಿಟ್ಟುಕೊಂಡು, "ವಾಪಸ್ ಒಯ್ದರೆ ಮಾಲಕರು ಬಯ್ತಾರೆ" ಎಂದು ಅಳುವ ಹಾಗೆ ಮಾಡಿದ. ಪಾಪ ಎಂದು ನಾನೇ ಅದನ್ನು ಇಳಿಸಿಕೊಂಡೆ. ದುಡ್ಡಿನ ವಿಚಾರ ಭಾವನೂ ನಾನೂ ಆಮೇಲೆ ಮುಗಿಸಿಕೊಂಡೆವು. ಈಗ ಅದು ನಮ್ಮ ಮಾಡಿನ ಮೇಲಿದೆ. ನಾಲ್ಕೂ ದೀಪ ಉರಿಯುತ್ತವೆ. ಕರೆಂಟು ಹೋದ ಸಂಜೆ ಆಚೆ ದಡದಿಂದ ನೋಡಿದರೆ ತದಡಿಯಲ್ಲಿ ನಮ್ಮ ಮನೆ ಒಂದೇ ಕಾಣುತ್ತದಂತೆ. ಭಾವನ ಮನೆಗೆ ಮಾತ್ರ ಸೋಲಾರ್ ತರುವಂತಿಲ್ಲ. ಹಮ್ಮ ಗೌಡ ಅವನನ್ನು ಸಮಿತಿಯ ಗೌರವಾಧ್ಯಕ್ಷ ಮಾಡಿದ್ದಾನೆ. ಅಕ್ಕ ಹೊಲಿಗೆ ಕೆಲಸ ಜಾಸ್ತಿ ಇದ್ದಾಗ ಬಟ್ಟೆ ಗಂಟು ಹಿಡಿದು ನಮ್ಮಲ್ಲಿಗೇ ಬರುತ್ತಾಳೆ. ನನ್ನ ಜೊತೆ ಮಾತಾಡುವುದಿಲ್ಲ. ದೀಪದ ಕೆಳಗೆ ಕೂತು, ನನ್ನನ್ನೊಮ್ಮೆ ನೋಡಿ ಸೂಜಿಗೆ ದಾರ ಪೋಣಿಸುತ್ತಾಳೆ, ಅಷ್ಟೆ.

ನಂಬರು ಬರೆದವನು ನಾನೆಂದು ಭಾವನಿಗೆ ಗೊತ್ತಾ ಎಂದು ಕೇಳುತ್ತೀರಿ. ಆವತ್ತಿನಿಂದ ಇವತ್ತಿನವರೆಗೆ ನಾನು ದೋಣಿ ಹತ್ತಿದಾಗಲೆಲ್ಲ ಅವನು ನನಗೆ ಎರಡು ಟಿಕೆಟ್ ಹರಿದು ಎರಡರ ದುಡ್ಡೂ ತೆಗೆದುಕೊಳ್ಳುತ್ತಾನೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ, "ಭಾವ, ಇನ್ನೊಂದು ಎಂತಕೆ?"

ಅವನು ಹೊಳೆ ನೋಡುತ್ತ, ತನ್ನ ದೊಡ್ಡ ಧ್ವನಿಯಲ್ಲಿ, ಇಡೀ ದೋಣಿಗೆ ಕೇಳುವಂತೆ ಹೇಳಿದ. "ಆ ಯೋಜನೆಯಲ್ಲಿ ನಿರಾಶ್ರಿತ ಆದವ ನಾನೊಬ್ನೇ ಅಲ್ದನಾ? ಇದು ಪರಿಹಾರ."